ಐದನೇ ಗೇರು

ಗೋಡೆಗೆ ಮೊಳೆ ಹೊಡೆಯುವ ಮುಂಚೆ ಗೋಡೆಯ ಆ ಕಡೆ ಯಾರಿದ್ದಾರೆ ಎಂದು ಯೋಚಿಸುವ ಬುದ್ಧಿ ನಮ್ಮ ಮೇಷ್ಟ್ರಿಗೆ ಇರಲಿಲ್ಲ. ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೆಂಡತಿಯನ್ನೂ ಅತ್ತೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು, ತಮ್ಮ ಪಾಡಿಗೆ ತಾವು ಐದು ರಾಜ್ಯ ಸುತ್ತಿ, ತಣ್ಣಗೆ ಮನೆಗೆ ಬಂದಿರುತ್ತಿದ್ದರು.

ಮೇಷ್ಟ್ರು ಅಂದರೆ ಮಗ್ಗಿ ಹೇಳಿಕೊಡುವ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನ ಅವರ ಹತ್ತಿರ ಕಾರು ಕಲಿತವರು. ಉಳಿದರ್ಧ, ಆ ಕಲಿತವರಿಗೆ ಹೆದರಿ ಫುಟ್‌ಪಾತ್ ಬಿಟ್ಟು ಇಳಿಯದವರು. ಆದರೆ ಇಷ್ಟೊಂದು ಜನಕ್ಕೆ ಕಾರು ಕಲಿಸಿದ ಮನುಷ್ಯನಿಗೆ ಸ್ಟೀರಿಂಗ್ ಸಿಗುವುದೇ ಅಪರೂಪವಾಗಿತ್ತು. ಅದು ಕಲಿಯುವವರ ಪಾಲು. ಮೇಷ್ಟ್ರಿಗೆ ಪಕ್ಕದ ಸೀಟು, ಕಾಲಡಿಯಲ್ಲಿ ಒಂದು ಹೆಚ್ಚುವರಿ ಬ್ರೇಕು, ಅಷ್ಟೇ. ಸ್ಕೂಲಿನ ಗೇಟಿನಿಂದ ಹೊರಟರೆ ಆಸ್ಪತ್ರೆಯ ಗೋಡೆ, ಪೆಟ್ರೋಲ್ ಬಂಕು, ಬಸ್‌ಸ್ಟ್ಯಾಂಡ್ ಸರ್ಕಲ್ಲು, ಮತ್ತೆ ಸ್ಕೂಲಿನ ಗೇಟು. ಗಾಣದೆತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಇವರಿಗೆ ಆ ಉಪಕಾರವನ್ನೂ ಯಾರೂ ಮಾಡಿರಲಿಲ್ಲ.

ಆ ಸುತ್ತಿನಲ್ಲಿ ಮೂರನೇ ಗೇರಿಗೆ ಹೋದರೇ ದೊಡ್ಡದು. ಗೇರಿನ ಗುಂಡಿಯ ಮೇಲಿದ್ದ ಒಂದು, ಎರಡು ಎಂಬ ಅಂಕಿಗಳು ಕಲಿಯುವವರ ಬೆವರು ತಾಗಿ ತಾಗಿ ಅಳಿಸಿಹೋಗಿದ್ದವು. ಐದು ಮಾತ್ರ ಅಂಗಡಿಯಿಂದ ಬಂದ ದಿನದ ಹಾಗೇ ಹೊಳೆಯುತ್ತಿತ್ತು. ಕಾರು ನಿಂತಾಗಲೆಲ್ಲ ಮೇಷ್ಟ್ರು ಅದನ್ನೇ ನೋಡುತ್ತಾ ಕೂರುತ್ತಿದ್ದರು.

ಒಮ್ಮೆ ಲೈಸೆನ್ಸಿನ ಕೆಲಸಕ್ಕೆ ಬಂದಿದ್ದ ಲಾರಿ ಡ್ರೈವರೊಬ್ಬ ಟೀ ಕುಡಿಯುತ್ತಾ ಹೇಳಿದ್ದ: "ಇಲ್ಲಿಂದ ಐದನೇ ರಾಜ್ಯದ ಮೂಲೇಲಿ ಒಂದು ಉಪ್ಪಿನ ಬಯಲಿದೆ ಮೇಷ್ಟ್ರೇ. ಬೆಳ್ಳಗೆ, ಕಣ್ಣು ಹರಿಯೋವಷ್ಟು ದೂರ. ಮಧ್ಯ ಒಂದು ರಸ್ತೆ, ದಾರ ಎಳೆದ ಹಾಗೆ ನೆಟ್ಟಗೆ. ಐದನೇ ಗೇರಿಗೆ ಹಾಕಿಬಿಟ್ರೆ ಮುಗೀತು. ರಸ್ತೆ ಹೋಗ್ತಾ ಇರತ್ತೆ, ಆಕಾಶ ಬರ್ತಾ ಇರತ್ತೆ, ನಾವು ಮಧ್ಯ ಸುಮ್ನೆ ಕೂತಿರೋದು."

ಅವತ್ತಿನಿಂದ ಮೇಷ್ಟ್ರು ಮನೆಯಲ್ಲಿದ್ದೂ ಇಲ್ಲದವರಾದರು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬಯಲು ಕಾಣುತ್ತಿತ್ತು. ಮಲಗಿದರೆ ಮಂಚ ನಿಧಾನವಾಗಿ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಸ್ಕೂಲಿನ ಓನರ್ರ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿಕೊಂಡು ರಜೆಯನ್ನೂ ಕಾರನ್ನೂ ಗಿಟ್ಟಿಸಿದರು. ಓನರ್ರದ್ದು ಒಂದೇ ಷರತ್ತು: "ಮೇಲಿನ ಬೋರ್ಡ್ ಮಾತ್ರ ತೆಗೀಬೇಡಿ. ಐದು ರಾಜ್ಯದವರೂ ನಮ್ಮ ಸ್ಕೂಲಿನ ಹೆಸರು ಓದಲಿ."

ಇನ್ನು ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡುವುದಿತ್ತು. ಭಾನುವಾರದ ರಜೆಯ ದಿನ ಬೆಳಿಗ್ಗೆ, ಅಂಗಡಿಯಿಂದ ತಂದ ದೊಡ್ಡ ಭೂಪಟವನ್ನು ಗೋಡೆಗೆ ಹಿಡಿದು, ಮೇಷ್ಟ್ರು ಮೊಳೆಯ ಮೇಲೆ ಸುತ್ತಿಗೆ ಎತ್ತಿದರು. ಎರಡೇಟಿಗೆ ಏನೂ ಆಗಲಿಲ್ಲ. ಮೂರನೇ ಏಟಿಗೆ ಮೊಳೆ ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಸರ್ರನೆ ಒಳಗೆ ಹೋಯಿತು. ಆ ಕಡೆಯಿಂದ ಯಾರೋ ಚಿಟಾರನೆ ಕಿರುಚಿದರು.

ಆ ಕಡೆ ಇದ್ದದ್ದು ಹಲ್ಲಿನ ಡಾಕ್ಟ್ರಮ್ಮನ ಕ್ಲಿನಿಕ್ಕು. ಹಲ್ಲುನೋವಿಗೆ ರಜೆ ಎಲ್ಲಿಯದು? ನಿಮಿಷದೊಳಗೆ ಡಾಕ್ಟ್ರಮ್ಮ ಕೈಗವಸು ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ! ನನ್ನ ಪೇಶೆಂಟ್ ಓಡಿಹೋದ್ರು! ಬಾಯಲ್ಲಿ ಹತ್ತಿ ಇಟ್ಕೊಂಡೇ ಓಡಿಹೋದ್ರು!"

"ಅಯ್ಯೋ, ಯಾಕೆ ಡಾಕ್ಟ್ರೇ?"

"ಯಾಕೆ ಅಂತ ನನ್ನ ಕೇಳ್ತೀರಾ? ಬಾಯಿ ತೆಗೀರಿ, ಸ್ವಲ್ಪಾನೂ ನೋವಾಗಲ್ಲ ಅಂದೆ. ಪಾಪ, ತೆಗೆದ್ರು. ಎದುರಿಗೆ ಗೋಡೆ ಒಳಗಿಂದ ಇಷ್ಟುದ್ದ ಮೊಳೆ ಬಂತು!"

ಈ ಗಲಾಟೆಗೆ ಕೆಳಗಿನ ಮನೆಯಿಂದ ಗಾರ್ಡ್ ಸಾಹೇಬರು ಹತ್ತಿ ಬಂದರು. ಇವರು ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು, ಜೊತೆಗೆ ಈ ಇಡೀ ಕಟ್ಟಡದ ಯಜಮಾನರು. ಅಂದರೆ ತೂತು ಬಿದ್ದ ಗೋಡೆಯೂ ಅವರದ್ದೇ. ಮೊಳೆ ಎಳೆದು ತೆಗೆದು, ತೂತಿಗೆ ಕಣ್ಣಿಟ್ಟು ನೋಡಿದರು.

"ಲೈನ್ ಕ್ಲಿಯರ್ ಇದೆಯಲ್ರೀ! ಕ್ಲಿನಿಕ್ಕಿನ ಕುರ್ಚಿ ಕಾಣ್ತಾ ಇದೆ. ಮೇಷ್ಟ್ರೇ, ಬಾಡಿಗೆಗೆ ಕೊಟ್ಟಿದ್ದು ಮನೇನ, ಸುರಂಗ ಕೊರೆಯೋಕಲ್ಲ."

ಮೇಷ್ಟ್ರು ಬೆವರಿದರು. ಆಗ ಅವರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದರು. ಜಗಳದ ಬೆಂಕಿ ಆರಿಸುವುದರಲ್ಲಿ ಆಕೆ ನಿಸ್ಸೀಮರು. ಸುರಿಯುತ್ತಿರುವುದು ನೀರೋ ಎಣ್ಣೆಯೋ ಎಂದು ಮಾತ್ರ ನೋಡುವವರಲ್ಲ.

"ತಪ್ಪಾಯ್ತು, ಬೇಜಾರು ಮಾಡ್ಕೋಬೇಡಿ. ಪ್ರವಾಸದ ಹುಚ್ಚಲ್ಲಿ ಇವರಿಗೆ ಮೈಮೇಲೆ ಗ್ಯಾನ ಇಲ್ಲ. ಐದು ರಾಜ್ಯ ಸುತ್ತೋಕೆ ಹೊರಟಿದೀವಿ. ಅಮ್ಮ, ನಾನು, ಇವರು ಮೂರೇ ಜನ. ಕಾರಲ್ಲಿ ಇನ್ನೆರಡು ಸೀಟು ಖಾಲಿ ಇದೆ, ನೀವೂ ಬಂದುಬಿಡಿ!"

ಮೇಷ್ಟ್ರ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಅದು ಅವರ ಹಳೇ ಅಭ್ಯಾಸ. ಅಪಾಯ ಕಂಡಲ್ಲೆಲ್ಲ ಕಾಲು ತಾನಾಗಿ ಬ್ರೇಕ್ ಹುಡುಕುತ್ತಿತ್ತು. ಆದರೆ ಸಂಸಾರದಲ್ಲಿ ಪಕ್ಕದ ಸೀಟಿಗೆ ಬ್ರೇಕ್ ಕೊಟ್ಟಿರುವುದಿಲ್ಲವಲ್ಲ.

ಡಾಕ್ಟ್ರಮ್ಮನ ಮುಖ ಒಮ್ಮೆಲೇ ಅರಳಿತು. "ಹೌದಾ?" ಎಂದು ಕೈಗವಸು ಕಳಚಿದರು. ಗಾರ್ಡ್ ಸಾಹೇಬರು ತೂತನ್ನು ಮರೆತು, ಭೂಪಟದ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಪ್ರವಾಸ ಎಂಬ ಮಾತಿನಲ್ಲಿ ಅದೇನು ಮಾಯೆಯಿದೆಯೋ, ಅದನ್ನು ಕೇಳಿದವರು ಇದ್ದ ಜಾಗದಲ್ಲಿ ಇದ್ದ ಹಾಗೇ ಸ್ವಲ್ಪ ಮೇಲೆ ತೇಲುತ್ತಾರೆ. ಭೂಪಟವನ್ನು ಮೇಷ್ಟ್ರ ಕೈಯಿಂದ ಇಸಿದುಕೊಂಡು ಊಟದ ಮೇಜಿನ ಮೇಲೆ ಹಾಸಲಾಯಿತು. ಆಮೇಲೆ ಮೇಷ್ಟ್ರ ಕೈಗೆ ಅದು ಸಿಗಲಿಲ್ಲ.

"ಎರಡನೇ ರಾಜ್ಯದಲ್ಲಿ ಒಂದು ಗುಹೆ ಇದೆಯಂತೆ," ಎಂದರು ಡಾಕ್ಟ್ರಮ್ಮ, ಕನಸಿನಲ್ಲಿ ಮಾತಾಡಿದ ಹಾಗೆ. "ಒಳಗೆ ಮೇಲಿಂದ ಕೆಳಗಿಂದ ಕಲ್ಲು ಬೆಳೆದಿವೆ, ಸಾಲಾಗಿ, ಬಿಳೀ ಬಿಳೀ."

"ಅಲ್ಲ ಡಾಕ್ಟ್ರೇ, ದಿನಾ ನೋಡೋದು ಸಾಲದಾ? ಅದೂ ಬಾಯಿ ತೆಗೆದ ಹಾಗೇ ಇರತ್ತಲ್ಲ!" ಎಂದರು ಗಾರ್ಡ್ ಸಾಹೇಬರು. "ನೋಡೋದಾದ್ರೆ ನಾಲ್ಕನೇ ರಾಜ್ಯದ ರೈಲ್ವೆ ಸೇತುವೆ ನೋಡ್ಬೇಕು. ಕೆಳಗೆ ನದಿ, ಮೇಲೆ ಮಂಜು. ನಾನೇ ಎಷ್ಟು ಸಲ ದಾಟಿದೀನಿ."

"ಎಷ್ಟೋ ಸಲ ದಾಟಿದ ಮೇಲೆ ಮತ್ಯಾಕೆ ನೋಡೋದು?"

"ಗೂಡ್ಸ್ ಗಾಡೀಲಿ ದಾಟಿದೀನಮ್ಮಾ. ನಿಂತು ನೋಡಿಲ್ಲ."

ಹೆಂಡತಿಗೆ ಜಲಪಾತ ಬೇಕಿತ್ತು. ಅಕ್ಕನ ಮನೆಯ ಹಾಲ್‌ನಲ್ಲಿ ಅಕ್ಕ, ಭಾವ ಒಂದು ಜಲಪಾತದ ಮುಂದೆ ನಿಂತ ಫೋಟೋ ಇತ್ತು. ಅದಕ್ಕಿಂತ ಎತ್ತರದ್ದು ಯಾವ ರಾಜ್ಯದಲ್ಲಿದ್ದರೂ ಸರಿ. ಅತ್ತೆಯವರು ಮೊಣಕಾಲು ಸವರಿಕೊಳ್ಳುತ್ತಾ ಬಂದು, ಮೂರನೇ ರಾಜ್ಯದ ಬಿಸಿನೀರಿನ ಬುಗ್ಗೆಯೇ ಆಗಬೇಕೆಂದು ಹಟ ಹಿಡಿದರು. ನಾಲ್ಕು ಜನ, ನಾಲ್ಕು ಬಣ್ಣದ ಪೆನ್ನು. ಮಧ್ಯಾಹ್ನದ ಹೊತ್ತಿಗೆ ದಾರಿ ಬೆಕ್ಕಿನ ಕೈಗೆ ಸಿಕ್ಕ ಉಣ್ಣೆಯ ಉಂಡೆಯಂತಾಗಿತ್ತು. ಗುಹೆಯಿಂದ ಬುಗ್ಗೆಗೆ ಬರಬೇಕಾದರೆ ಜಲಪಾತದ ಕಡೆಯಿಂದ ಸುತ್ತಬೇಕು, ಜಲಪಾತದಿಂದ ಸೇತುವೆಗೆ ಹೋಗಬೇಕಾದರೆ ಮತ್ತೆ ಗುಹೆಯ ಬಾಗಿಲಿಗೇ ಬರಬೇಕು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ಮೂಲೇಲಿ ಒಂದು ಬಯಲಿದೆ..."

"ಎಲ್ಲಿ?" ಎಂದು ಗಾರ್ಡ್ ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಅಲ್ಲಿ ಏನೂ ಇಲ್ಲ ಮೇಷ್ಟ್ರೇ, ಬೆಳ್ಳಗಿದೆ. ಅಚ್ಚು ಸರಿಯಾಗಿ ಬಿದ್ದಿಲ್ಲ."

"ಅದೇ ಸಾರ್. ಅದು ಉಪ್ಪು."

"ಉಪ್ಪು ನೋಡೋಕೆ ಐದು ರಾಜ್ಯ ದಾಟಬೇಕಾ ಅಳಿಯಂದ್ರೇ?" ಎಂದರು ಅತ್ತೆ. "ಅಡುಗೆಮನೇಲಿ ಡಬ್ಬಿ ತುಂಬಾ ಇದೆ, ಹೋಗಿ ನೋಡಿ."

ಎಲ್ಲರೂ ನಕ್ಕರು. ಡಾಕ್ಟ್ರಮ್ಮ ನಗುತ್ತಲೇ ಟೀ ಲೋಟವನ್ನು ಆ ಬಿಳೀ ಮೂಲೆಯ ಮೇಲೆ ಇಟ್ಟರು, ಹೇಗೂ ಅಲ್ಲಿ ಏನೂ ಇರಲಿಲ್ಲವಲ್ಲ. ಮೇಷ್ಟ್ರಿಗೆ ಅಳುವೇ ಬಂದ ಹಾಗಾಯಿತು. ಕಾರಿನ ಗಾಳಿ ನೋಡಿ ಬರುತ್ತೇನೆಂದು ಹೇಳಿ ಮೆಟ್ಟಿಲಿಳಿದರು.

ಮನೆಯ ಮುಂದಿನ ಬೀದಿ ಇಳಿಜಾರು. ಬೀದಿಯ ತುದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು, ಮರಳು ರಾಶಿ ಬಿದ್ದಿತ್ತು. ಊಟದ ನಂತರದ ಹೊತ್ತು. ಅಂಗಡಿಗಳು ಬಾಗಿಲು ಅರ್ಧ ಎಳೆದುಕೊಂಡಿದ್ದವು, ಗಾಳಿಯೂ ಎಲ್ಲೋ ಒರಗಿ ನಿದ್ದೆ ಹೋದಂತಿತ್ತು. ಮೇಷ್ಟ್ರು ಕಾರಿನ ಬಾಗಿಲು ತೆಗೆದು, ಅಪರೂಪಕ್ಕೆ, ಸ್ಟೀರಿಂಗಿನ ಹಿಂದೆ ಕೂತರು. ಹೀಗೇ ಸುಮ್ಮನೆ. ಬೀಗದ ಕೈಯನ್ನು ಹಾಕಿದ್ದು ಸ್ಟೀರಿಂಗ್ ಬಿಡಿಸಿಕೊಳ್ಳುವುದಕ್ಕಷ್ಟೇ, ಎಂಜಿನ್ನಿನ ತಂಟೆಗೇ ಹೋಗಲಿಲ್ಲ.

ಕಣ್ಣು ಮುಚ್ಚಿದರು. ಉಪ್ಪಿನ ಬಯಲು ಮೆಲ್ಲಗೆ ಬಂದು ಕಾರಿನ ಸುತ್ತ ಹರಡಿಕೊಂಡಿತು. ಹೊರಡಬೇಕಲ್ಲ, ಹ್ಯಾಂಡ್‌ಬ್ರೇಕ್ ಇಳಿಸಿದರು. ಕ್ಲಚ್ ಪೂರ್ತಿ ಒತ್ತಿ ಗೇರನ್ನು ಒಂದಕ್ಕೆ, ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ಹಾಕಿದರು. ಆಮೇಲೆ ಉಸಿರು ಬಿಗಿಹಿಡಿದು, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ನಾಜೂಕಾಗಿ, ಐದಕ್ಕೆ. ಆಹಾ! ಒತ್ತಿದ ಕ್ಲಚ್ಚನ್ನು ಬಿಡುವ ನೆನಪೂ ಆಗಲಿಲ್ಲ. ಬಿಳಿಯ ನೆಲ, ಬಿಳಿಯ ಬೆಳಕು, ದೂರದಲ್ಲಿ ನೆಲ ಯಾವುದು ಮುಗಿಲು ಯಾವುದು ತಿಳಿಯದು. ಕಾರು ಸದ್ದಿಲ್ಲದೆ ತೇಲುತ್ತಿತ್ತು. ಗಾಳಿ ಕಿವಿಯ ಹತ್ತಿರ ಏನೋ ಹೇಳಿ ಹೋಗುತ್ತಿತ್ತು. ನಿಜವಾಗಿಯೂ ಹೋಗುತ್ತಿರುವಂತೆಯೇ ಇದೆಯಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು.

ನಿಜವಾಗಿಯೂ ಹೋಗುತ್ತಿತ್ತು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಇಳಿಸಿ ಕ್ಲಚ್ ಒತ್ತಿ ಕೂತರೆ ಕಾರು ಕನಸಿನವರದ್ದೋ ಎಚ್ಚರದವರದ್ದೋ ಎಂದು ಕೇಳುವುದಿಲ್ಲ.

"ಹಿಡೀರೀ! ನಿಲ್ಸೀ!" ಎಂದು ಯಾರೋ ಕೂಗಿದ್ದು ಬಯಲಿನ ಆಚೆಯಿಂದ ಕೇಳಿಸಿತು. ಕಣ್ಣು ಬಿಟ್ಟರೆ ಗಾರ್ಡ್ ಸಾಹೇಬರು ಮಹಡಿಯ ಮೇಲಿಂದ ಕೆಂಪು ಟವೆಲ್ಲನ್ನು ತಲೆಯ ಮೇಲೆ ಗಿರಗಿರ ಬೀಸುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. ಎದುರಿಗೆ ಮರಳು ರಾಶಿ. ಮೇಷ್ಟ್ರ ಬಲಗಾಲು ಬ್ರೇಕ್ ಒತ್ತಿತು. ಪಕ್ಕದ ಸೀಟಿನಲ್ಲಿ ಕೂತವರ ಬ್ರೇಕ್ ಎಲ್ಲಿರುತ್ತದೋ ಅಷ್ಟು ಓರೆಗೆ ಒತ್ತಿತು. ಅಲ್ಲಿ ಬರೀ ರಬ್ಬರ್ ಚಾಪೆ ಇತ್ತು.

ಪುಸ್ಸ್ ಎಂದು ಕಾರು ಮರಳಿನೊಳಗೆ ಮೂತಿ ತೂರಿಸಿ ನಿಂತಿತು. ಕಾರಿಗೆ ಗೀರೂ ಬೀಳಲಿಲ್ಲ. ಆದರೆ ಮೇಷ್ಟ್ರ ಮಾನ ನುಚ್ಚುನೂರಾಯಿತು. ಬೀದಿಯ ಎರಡೂ ಬದಿಯ ಬಾಲ್ಕನಿಗಳಲ್ಲಿ ಜನ ತುಂಬಿದರು. ಅವರಲ್ಲಿ ಅರ್ಧ ಇವರ ಶಿಷ್ಯರೇ.

"ಕ್ಲಚ್, ಬ್ರೇಕ್, ಆಮೇಲೆ ಗೇರು ಮೇಷ್ಟ್ರೇ!" ಎಂದೊಬ್ಬ ಮೇಲಿಂದ ಪಾಠ ಹೇಳಿದ.

ಸುದ್ದಿ ಓನರಿಗೂ ಮುಟ್ಟಿ ಫೋನು ಬಂತು. ಕೆಲಸ ಹೋಯಿತೆಂದೇ ಅಂದುಕೊಂಡು ಮೇಷ್ಟ್ರು ಎತ್ತಿದರು. "ಜನ ತುಂಬಾ ಸೇರಿದ್ರಂತೆ? ಬೋರ್ಡ್ ಸರಿಯಾಗಿ ಕಾಣ್ತಿತ್ತಾ?" ಎಂದಷ್ಟೇ ಕೇಳಿದರು ಓನರ್ರು.

ಸಂಜೆ ಮೇಜಿನ ಸುತ್ತ ಮತ್ತೆ ಸಭೆ. ಈ ಸಲ ಮೇಷ್ಟ್ರು ಅಪರಾಧಿಯ ಜಾಗದಲ್ಲಿ, ಶರ್ಟಿನ ತೋಳಿನಿಂದ ಮರಳು ಉದುರಿಸಿಕೊಳ್ಳುತ್ತಾ.

"ನಿಂತ ಕಾರಲ್ಲಿ ಆಕ್ಸಿಡೆಂಟ್ ಮಾಡಿದೋರನ್ನ ನಾನಂತೂ ಇನ್ನೂ ನೋಡಿರಲಿಲ್ಲ," ಎಂದರು ಹೆಂಡತಿ. "ಇವರನ್ನ ನಂಬಿ ಐದು ರಾಜ್ಯ ಹೋಗೋದಾ? ಪ್ರವಾಸಾನೇ ಬೇಡ ಬಿಡಿ."

"ಬೇಡ" ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರು ಮರಳು ಉದುರಿಸುವುದನ್ನು ಬಿಟ್ಟು ಭೂಪಟದ ಕಡೆ ನೋಡಿದರು. ಗುಹೆ ಹೋದರೆ ಹೋಗಲಿ, ಸೇತುವೆ ಹಾಳಾಗಲಿ. ಆದರೆ ಆ ಬಿಳೀ ಮೂಲೆ! ಈ ಸಲ ತಪ್ಪಿದರೆ ಇನ್ನು ಸಾಯುವ ತನಕ ಆಸ್ಪತ್ರೆ ಗೋಡೆ, ಪೆಟ್ರೋಲ್ ಬಂಕು, ಬಸ್‌ಸ್ಟ್ಯಾಂಡ್ ಸರ್ಕಲ್ಲೇ ಗತಿ. ಜನ್ಮದಲ್ಲಿ ನಾಲ್ಕು ಮಾತು ಒಟ್ಟಿಗೆ ಆಡದ ಮನುಷ್ಯ ಎದ್ದು ನಿಂತರು.

"ಒಂದು ನಿಮಿಷ ನನ್ನ ಮಾತು ಕೇಳಿ. ಆಮೇಲೆ ಬೈಯೋರಂತೆ." ಮೇಷ್ಟ್ರು ಲೋಟದ ಕೆಳಗಿನ ಬಿಳೀ ಮೂಲೆಯನ್ನು ತೋರಿಸಿದರು. "ಆ ಬಯಲಲ್ಲಿ ಒಂದು ರಸ್ತೆ ಇದೆ. ತಿರುವಿಲ್ಲ, ಉಬ್ಬಿಲ್ಲ, ತಗ್ಗಿಲ್ಲ. ಎದುರಿಗೆ ಗಾಡಿ ಬರಲ್ಲ, ಹಿಂದಿನವರು ಹಾರ್ನ್ ಮಾಡಲ್ಲ. ಗೋಡೆ, ಮರ, ಚರಂಡಿ ಒಂದೂ ಇಲ್ಲ. ರಸ್ತೆ ಬಿಟ್ಟು ಆ ಕಡೆ ಈ ಕಡೆ ಹೋದ್ರೂ ಅದೇ ಗಟ್ಟಿ ನೆಲ. ಎಷ್ಟೇ ತಪ್ಪು ಮಾಡಿದ್ರೂ ಯಾರಿಗೂ ಪೆಟ್ಟಾಗಲ್ಲ, ಯಾರೂ ನಗಲ್ಲ. ಸುಮ್ನೆ ಸ್ಟೀರಿಂಗ್ ಹಿಡ್ಕೊಂಡು ಕೂತ್ರೆ ಆಯ್ತು, ಇಡೀ ಲೋಕ ತಾನಾಗಿ ನಿಮ್ಮ ಕಡೆಗೆ ಬರ್ತಾ ಇರತ್ತೆ. ಬೆಳಿಗ್ಗೆ ರಸ್ತೆ ನಸುಗೆಂಪಗಿರತ್ತಂತೆ, ಮಧ್ಯಾಹ್ನ ಹಾಲಿನ ಹಾಗೆ, ಸಂಜೆ ನೀಲಿ. ಒಂದ್ಸಲ, ಬರೀ ಒಂದೇ ಸಲ ಅಲ್ಲಿ ಹೋಗ್ಬೇಕು ಅಂತ ಆಸೆ. ಇನ್ನೇನೂ ಬೇಡ ನಂಗೆ."

ಅಷ್ಟು ಹೇಳಿ ಧೊಪ್ಪನೆ ಕೂತರು. ಡಾಕ್ಟ್ರಮ್ಮ ಕಿಟಕಿಯಾಚೆ ನೋಡುತ್ತಿದ್ದರು. ಗಾರ್ಡ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು. ಅತ್ತೆಯವರ ಕೈ ಮೊಣಕಾಲಿನ ಮೇಲೆ ಸವರುವುದನ್ನು ಬಿಟ್ಟು ನಿಂತಿತ್ತು. ಉಪ್ಪಿನ ಬಯಲು ಈಗ ಎಲ್ಲರ ಸುತ್ತಲೂ ಹರಡಿಕೊಂಡಿತ್ತು.

ಕೊನೆಗೆ ಹೆಂಡತಿ ನಿಧಾನವಾಗಿ ಲೋಟವನ್ನು ಎತ್ತಿ, ಆ ಬಿಳೀ ಮೂಲೆಯನ್ನು ಸೆರಗಿನಿಂದ ಒರೆಸಿದರು. "ಅಲ್ಲಿಗೇ ಹೋಗೋಣ ರೀ."

"ಗುಹೆ ಬೇಡ ನಂಗೆ," ಎಂದು ಡಾಕ್ಟ್ರಮ್ಮ ತಾವೇ ಗೆರೆ ಹೊಡೆದು ಹಾಕಿದರು. "ಸೇತುವೆ ಎಲ್ಲಿಗೆ ಹೋಗತ್ತೆ, ಬಿಡಿ," ಎಂದರು ಗಾರ್ಡ್ ಸಾಹೇಬರು. ಜಲಪಾತ ಹೋಯಿತು, ಬುಗ್ಗೆ ಹೋಯಿತು. "ಇರೋ ರಜೆ ಪೂರ್ತಿ ಅಲ್ಲೇ ಇದ್ದುಬಿಡೋಣ," ಎಂದು ಅತ್ತೆಯವರು ಅಪ್ಪಣೆ ಕೊಡಿಸಿದರು. ಮೇಷ್ಟ್ರಿಗೆ ನಂಬಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಎಂಥ ಒಳ್ಳೆಯ ಜನ, ಬೆಳಿಗ್ಗೆಯಿಂದ ಮನಸ್ಸಲ್ಲೇ ಇವರನ್ನು ಎಷ್ಟು ಬೈದುಕೊಂಡೆ ಎಂದು ನಾಚಿಕೆಯಾಯಿತು.

"ಹಾಗಾದ್ರೆ ಒಂದು ಮಾತು," ಎಂದರು ಗಾರ್ಡ್ ಸಾಹೇಬರು. "ದಾರೀಲಿ ಎಲ್ಲೂ ನಿಲ್ಲೋದಿಲ್ಲ ಅಂದ ಮೇಲೆ ಕಾರಲ್ಲಿ ಯಾಕೆ ಹೋಗೋದು? ಕಾರನ್ನ ಗೂಡ್ಸ್ ಗಾಡಿಗೆ ಹಾಕೋಣ, ಅದು ನಂಗೆ ಬಿಡಿ. ನಾವು ರೈಲಲ್ಲಿ ಮಲಗಿ ಹೋಗಿ ಅಲ್ಲಿ ಇಳಿಯೋಣ. ಮಧ್ಯಾಹ್ನದ್ದು ನೋಡಿದ ಮೇಲೆ ನಂಗಂತೂ ಧೈರ್ಯ ಇಲ್ಲ."

ನಾಲ್ಕು ರಾಜ್ಯದ ಹೆದ್ದಾರಿ ಮೇಷ್ಟ್ರ ಕೈಯಿಂದ ಜಾರಿತು. ಹೋಗಲಿ, ಕೊನೆಗೆ ಬಯಲು ಉಳಿಯಿತಲ್ಲ ಎಂದು ತಲೆಯಾಡಿಸಿದರು.

"ಸರಿ, ಯಾರು ಯಾವಾಗ ಅಂತ ಈಗಲೇ ಮಾತಾಡ್ಕೊಳ್ಳೋಣ, ಅಲ್ಲಿ ಹೋಗಿ ಜಗಳ ಬೇಡ," ಎಂದರು ಹೆಂಡತಿ. "ಬೆಳಿಗ್ಗೆ ಹೊತ್ತು ನಾನು."

"ಏನು ಬೆಳಿಗ್ಗೆ ಹೊತ್ತು?" ಎಂದರು ಮೇಷ್ಟ್ರು.

"ಕಾರ್ ಕಲಿಯೋದು ರೀ! ಮದುವೆ ಆದಾಗಿಂದ ಕೇಳ್ತಿದೀನಿ, ಊರಿಗೆಲ್ಲ ಕಲಿಸಿದ್ರಿ, ನನಗೆ ಕಲಿಸಲಿಲ್ಲ. ಹೆಂಡ್ತಿಗೆ ಕಲಿಸಿದ್ರೆ ಮನೆ ಉಳಿಯಲ್ಲ ಅಂದ್ರಿ. ಅಲ್ಲಿ ಗೋಡೇನೇ ಇಲ್ವಲ್ಲ."

"ನಂಗೆ ಮಧ್ಯಾಹ್ನ ಕೊಡಿ," ಎಂದರು ಡಾಕ್ಟ್ರಮ್ಮ. ಅವರು ಮೇಷ್ಟ್ರ ಹತ್ತಿರವೇ ಕಲಿತು, ಟೆಸ್ಟಿನಲ್ಲಿ ಮೂರು ಸಲ ಫೇಲಾದವರು. "ಯಾರೂ ನಗಲ್ಲ ಅಂದ್ರಲ್ಲ ಮೇಷ್ಟ್ರೇ, ನಂಗೆ ಬೇಕಾಗಿದ್ದೇ ಅದು. ಇಂಥಾ ಜಾಗ ಇದೆ ಅಂತ ಮೊದಲೇ ಹೇಳ್ಬಾರದಾ?"

ಗಾರ್ಡ್ ಸಾಹೇಬರು ಮಗುವಿನ ಹಾಗೆ ನಕ್ಕರು. "ಇಡೀ ಸರ್ವಿಸ್ ಕೊನೇ ಡಬ್ಬೀಲಿ ಕೂತು, ಹಿಂದಕ್ಕೆ ಹೋಗೋ ಹಳಿ ನೋಡಿದ್ದೇ ಬಂತು. ದಾರಿ ನನ್ನ ಕಡೆಗೆ ಬರೋದನ್ನ ಒಂದ್ಸಲ ನೋಡ್ಬೇಕು. ಸಂಜೆ ನಂದು."

ಮೇಷ್ಟ್ರು ಒಬ್ಬೊಬ್ಬರನ್ನೇ ನೋಡಿದರು. ಎಲ್ಲರ ಮುಖದಲ್ಲೂ ತಮ್ಮ ಮುಖವೇ ಕಂಡಿತು. ಇಷ್ಟು ದಿನ ಒಬ್ಬರೇ ಕಂಡ ಕನಸನ್ನು ನಾಲ್ಕು ಜನ ಒಟ್ಟಿಗೆ ಕಾಣುತ್ತಿದ್ದರು. ಬೇಡ ಎನ್ನುವುದು ಹೇಗೆ?

"ಮತ್ತೆ ನಾನು?" ಎಂದರು ಮೆಲ್ಲಗೆ.

"ನೀವಿಲ್ದೆ ಆಗತ್ತೇನ್ರೀ?" ಹೆಂಡತಿ ಪ್ರೀತಿಯಿಂದಲೇ ಅವರ ತೋಳಿನ ಮರಳು ಕೊಡವಿದರು. "ಪಕ್ಕದ ಸೀಟು ನಿಮ್ಮದೇ. ಬೆಳಿಗ್ಗೆಯಿಂದ ಸಂಜೇವರೆಗೂ ನಿಮ್ಮನ್ನ ಅಲ್ಲಿಂದ ಯಾರೂ ಎಬ್ಬಿಸಲ್ಲ."

"ನೀವೆಲ್ಲ ಸುಸ್ತಾದ ಮೇಲೆ ಒಂದು ಸ್ವಲ್ಪ ಹೊತ್ತು..."

"ನಾಲ್ಕು ಜನ ಇದೀವಿ, ಸುಸ್ತೆಲ್ಲಿ?"

"ಹೋಗ್ಲಿ, ಐದನೇ ಗೇರಿಗಾದ್ರೂ ಹಾಕ್ತೀರಾ? ನಾನು ಪಕ್ಕದಲ್ಲಿ ಕೂತೇ ನೋಡ್ತೀನಿ."

"ಛೇ, ಛೇ! ಕಲಿಯೋರು ಎರಡನೇ ಗೇರ್ ದಾಟಬಾರದು ಅಂತ ನನಗೆ ಹೇಳಿಕೊಟ್ಟಿದ್ದು ನೀವೇ ಅಲ್ವಾ ಮೇಷ್ಟ್ರೇ?" ಎಂದರು ಡಾಕ್ಟ್ರಮ್ಮ.

ಅತ್ತೆಯವರು ಭೂಪಟದ ಬಿಳೀ ಮೂಲೆಯ ಮೇಲೆ ಬೆರಳಿಟ್ಟು, ಕಣ್ಣು ಅರ್ಧ ಮುಚ್ಚಿ, ಆಗಲೇ ಅಲ್ಲಿಗೆ ಹೋಗಿಬಿಟ್ಟವರ ಹಾಗೆ ನಗುತ್ತಿದ್ದರು.

"ಎಲ್ಲರಿಗಿಂತ ಮೊದಲು ನಾನು ಅಳಿಯಂದ್ರೇ. ಒಂದನೇ ಗೇರೇ ಸಾಕು ನಂಗೆ, ನಿಧಾನಕ್ಕೆ ಹೋಗೋಣ. ರಸ್ತೆ ಎಲ್ಲಿಗೂ ಓಡಿಹೋಗಲ್ಲ."